ಊಟಿಯ ಕೆರೆ, ಬೆಟ್ಟದ ಬುಡದ ನೀರಾಟ

ನಮ್ಮದು ತಾಳವಾಡಿ ಸೀಮೆ. ಕಳೆದ ಬೇಸಿಗೆಯಲ್ಲಿ ನಮ್ಮ ಕಲಿಕಾ ಕೇಂದ್ರದ ಹೆಂಗಸರು, ಮಕ್ಕಳು ಸೇರಿ ಹದಿನಾಲ್ಕು ಜನ ಊಟಿಗೆ ಹೊರಟೆವು. ಖರ್ಚಿಗೆ ಸಂಘದ ಉಳಿತಾಯದ ದುಡ್ಡು.

ಹೊರಡುವ ಮುಂಚೆ ಒಬ್ಬ ಅಜ್ಜಿ ಕೇಳಿದರು. "ಅಲ್ಲಿ ಬೋರ್ಡೆಲ್ಲ ತಮಿಳು, ಇಂಗ್ಲಿಷು. ನಾವು ಕಲ್ತ ಅಕ್ಷರ ಅಲ್ಲಿ ಯಾತಕ್ಕೆ ಬತ್ತದವ್ವ?" ಅವರಿಗೆ ಅರವತ್ತು ದಾಟಿದೆ. ಹಿಂದಿನ ವರ್ಷವಷ್ಟೇ ಹೆಸರು ಬರೆಯಲು ಕಲಿತವರು. ನನಗೂ ತಟ್ಟನೆ ಉತ್ತರ ಹೊಳೆಯಲಿಲ್ಲ.

ಬಾಡಿಗೆ ವ್ಯಾನ್ ಮಾಡೋಣ ಅಂದುಕೊಂಡಿದ್ದೆವು. ಹೊರಗಿನ ವಾಹನ ನೀಲಗಿರಿಗೆ ಬರಬೇಕಾದರೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಈ ಪದ್ಧತಿ ಬಂತು. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಆ ಚಿಂತೆ ಇಲ್ಲ. ನಾವು ಬಸ್ಸನ್ನೇ ಹಿಡಿದೆವು.

ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವು. ತಿರುವಿಗೊಂದು ನಂಬರು ಬರೆದಿದೆ. ಮಕ್ಕಳ ಜೊತೆ ಅಜ್ಜಿಯೂ ಗಟ್ಟಿಯಾಗಿ ಓದುತ್ತಾ ಬಂದರು. ಆಗ ನನಗೆ ಉತ್ತರ ಸಿಕ್ಕಿತು. ಅಕ್ಷರ ಬೇರೆಯಾದರೂ 1, 2, 3 ಎಂಬ ಅಂಕಿ ಎಲ್ಲ ಕಡೆ ಒಂದೇ. ಬಸ್ ನಂಬರು, ಟಿಕೆಟ್ ದರ, ಗಡಿಯಾರ, ಎಲ್ಲಾ ಅಂಕಿಯೇ. "ಅಜ್ಜಿ, ನೀವು ಓದ್ತಾ ಇರೋದು ಏನು ಮತ್ತೆ?" ಅಂದೆ. ಅಜ್ಜಿ ನಕ್ಕರು.

ಬಣ್ಣಾರಿ ಅಮ್ಮನಿಗೆ ಕೈಮುಗಿದು, ಸತ್ಯಮಂಗಲ ದಾಟಿ ಮೆಟ್ಟುಪಾಳ್ಯ ಸೇರಿದೆವು. ಊರಿನ ಹತ್ತಿರ, ನೀಲಗಿರಿಯ ಬುಡದಲ್ಲಿ, ಬ್ಲ್ಯಾಕ್ ಥಂಡರ್ ಎಂಬ ನೀರಾಟದ ಪಾರ್ಕ್ ಇದೆ. ಮಕ್ಕಳಿಗೆ ಊಟಿಗಿಂತ ಇದರ ಆಸೆಯೇ ಹೆಚ್ಚು.

ಇಂಥ ಪಾರ್ಕುಗಳಲ್ಲಿ ಸೀರೆ ಉಟ್ಟು ನೀರಿಗೆ ಇಳಿಯಲು ಬಿಡುವುದಿಲ್ಲ. ಸೆರಗು ಜಾರುಬಂಡೆಗೆ ಸಿಕ್ಕಿಕೊಳ್ಳಬಹುದು. ಹತ್ತಿ ಬಟ್ಟೆಯ ಎಳೆ ಬಿಟ್ಟು ನೀರು ಶುದ್ಧ ಮಾಡುವ ಯಂತ್ರ ಕಟ್ಟಿಕೊಳ್ಳುತ್ತದೆ. ಅದಕ್ಕೇ ನೈಲಾನ್ ಬಟ್ಟೆ ಬೇಕು ಅನ್ನುತ್ತಾರೆ. ನಮ್ಮಲ್ಲಿ ಕೆಲವರು ನಾಚಿಕೊಂಡೇ ಹಾಕಿಕೊಂಡರು. ಅಜ್ಜಿ ಮಾತ್ರ "ನಾ ಒಲ್ಲೆ ಕಣವ್ವ" ಎಂದು ಚೀಲ ಕಾಯುತ್ತಾ ದೊಡ್ಡ ಜಾರುಬಂಡೆಯ ಹತ್ತಿರ ಕುಳಿತರು.

ಅಲ್ಲಿ ಎತ್ತರ ಅಳೆಯುವ ಕೋಲು ನಿಲ್ಲಿಸಿದ್ದರು. ಕೋಲಿಗೆ ಒಂದು ಗೆರೆ, ಗೆರೆಯ ಪಕ್ಕ ಅಂಕಿ, ಮಗುವಿನ ಚಿತ್ರ. ನಮ್ಮ ಗುಂಪಿನ ಒಬ್ಬ ಹುಡುಗನ ತಲೆ ಗೆರೆಗಿಂತ ನಾಲ್ಕು ಬೆರಳು ಕೆಳಗಿತ್ತು. "ತುದಿಗಾಲಲ್ಲಿ ನಿಂತ್ಕೊಳೋ" ಎಂದು ಅವನ ತಾಯಿ ಪಿಸುಗುಟ್ಟಿದಳು. ಅಷ್ಟು ದೂರ ಬಂದು ಮಗು ಅಳುವುದನ್ನು ಯಾವ ತಾಯಿ ನೋಡುತ್ತಾಳೆ? ಅಜ್ಜಿ ಎದ್ದು ಬಂದು ಗೆರೆಯ ಮೇಲೆ ಬೆರಳಿಟ್ಟರು. "ಇದ್ಯಾಕೆ ಬರ್ದವ್ರೆ ನೋಡು. ಕೆಳಗೆ ಬಿದ್ದಾಗ ನೀರು ಅವನ ಮೂಗಿನ ಮಟ್ಟಕ್ಕೆ ಬಂದ್ರೆ ಏನ್ ಮಾಡ್ತೀಯ?" ಎಂದರು. ತಾಯಿ ಸುಮ್ಮನಾದಳು. ಹುಡುಗ ಅತ್ತ. ಆಮೇಲೆ ಚಿಕ್ಕ ಮಕ್ಕಳ ಕೊಳದಲ್ಲಿ ಅವನನ್ನು ಎಬ್ಬಿಸುವುದೇ ಕಷ್ಟವಾಯಿತು.

ಮೆಟ್ಟುಪಾಳ್ಯದಿಂದ ಊಟಿಗೆ ಬೆಟ್ಟದ ರೈಲಿದೆ. 46 ಕಿಲೋಮೀಟರ್ ದಾರಿ, 16 ಸುರಂಗ. 1899ರಲ್ಲಿ ಕೂನೂರಿನವರೆಗೆ ಓಡಿತು, 1908ರಲ್ಲಿ ಊಟಿ ತಲುಪಿತು. ಕಲ್ಲಾರಿನಿಂದ ಕೂನೂರಿಗೆ ಏರುವಾಗ ಹಳಿಯ ನಡುವೆ ಹಲ್ಲಿನ ಪಟ್ಟಿ ಇರುತ್ತದೆ. ಇಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಹಿಡಿದು ಏರುತ್ತದೆ. ನಮಗೆ ಟಿಕೆಟ್ ಸಿಗಲಿಲ್ಲ. ಮೊದಲೇ ಕಾಯ್ದಿರಿಸಬೇಕಿತ್ತು. ತಪ್ಪು ನನ್ನದೇ. ಮತ್ತೆ ಬಸ್ಸು.

ಊಟಿ ಎಂದರೆ ಉದಕಮಂಡಲ. ಮಾರನೆಯ ಬೆಳಗ್ಗೆ ಚಳಿಯಲ್ಲಿ ನಡುಗುತ್ತಾ ಕೆರೆಗೆ ಹೋದೆವು. ಇದು ತಾನಾಗಿ ಆದ ಸರೋವರ ಅಲ್ಲ. ಸುಮಾರು 1823ರಿಂದ 1825ರ ಹೊತ್ತಿಗೆ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಎಂಬಾತ ಬೆಟ್ಟದ ತೊರೆಗಳಿಗೆ ಕಟ್ಟೆ ಹಾಕಿಸಿ ಕಟ್ಟಿಸಿದ ಕೆರೆ. ಹಿಂದೆ ಇನ್ನೂ ದೊಡ್ಡದಿತ್ತು. ಈಗಿನ ಬಸ್ ನಿಲ್ದಾಣದ ಜಾಗ, ಕುದುರೆ ಜೂಜಿನ ಬಯಲು ಕೂಡ ಒಂದು ಕಾಲಕ್ಕೆ ಕೆರೆಯೇ. "ನಮ್ಮೂರ ಕೆರೇನೂ ಹಿಂಗೇ ಒತ್ಕೊಂಡ್ರು" ಎಂದು ಒಬ್ಬಾಕೆ ಹೇಳಿದಳು. ಪಟ್ಟಣದ ಕೊಳೆ ನೀರು ಸೇರಿ ಕೆರೆ ಬಹಳ ಕೆಟ್ಟಿದೆ. ನೋಡಲು ಮಾತ್ರ ಚಂದ.

ದೋಣಿಮನೆ 1973ರಲ್ಲಿ ಶುರುವಾಯಿತು. ದರದ ಬೋರ್ಡಿನ ಅಂಕಿ ಓದಿ, ತಲೆಗೆ ಎಷ್ಟು ಬೀಳುತ್ತದೆ ಎಂದು ಅಜ್ಜಿಯೇ ಲೆಕ್ಕ ಹಾಕಿದರು. ದೋಣಿ ಹತ್ತುವಾಗ ತೇಲುವ ಅಂಗಿ, ಅಂದರೆ ಲೈಫ್ ಜಾಕೆಟ್ ಹಾಕಬೇಕು. ಸುಮ್ಮನೆ ಹೆಗಲಿಗೆ ಹಾಕಿದರೆ ಸಾಲದು. ಮುಂದಿನ ಪಟ್ಟಿಗಳನ್ನು ಬಿಗಿದು ಕಟ್ಟಬೇಕು. ಇಲ್ಲವಾದರೆ ನೀರಿಗೆ ಬಿದ್ದಾಗ ಅಂಗಿ ಮೇಲೆ ತೇಲುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ಸೀರೆ ಉಟ್ಟವರಿಗೂ ಇದು ಅಡ್ಡಿಯಿಲ್ಲ. ಅಜ್ಜಿ ಮೊದಲು ಹತ್ತಿದರು.

ದೋಣಿ ಇಳಿದ ಮೇಲೆ ದೊಡ್ಡಬೆಟ್ಟ ಹತ್ತಿದೆವು. ಎತ್ತರ 2,637 ಮೀಟರ್. ಹೆಸರು ನೋಡಿ, ನಮ್ಮ ಮಾತೇ! ಸುತ್ತಲಿನ ಬಡಗರ ಊರುಗಳಿಗೂ ಹಟ್ಟಿ ಎಂದೇ ಹೆಸರು. ದಾರಿ ಕೇಳಿದಾಗ ಒಬ್ಬ ಬಡಗ ಮುದುಕರು ಹೇಳಿದ್ದು ಅಜ್ಜಿಗೆ ಅರ್ಧಕ್ಕಿಂತ ಹೆಚ್ಚು ತಿಳಿಯಿತು. ಇಬ್ಬರೂ ರಾಗಿ ಬೆಳೆಯ ಮಾತಿಗೆ ನಿಂತುಬಿಟ್ಟರು. ಬಸ್ಸು ತಪ್ಪುವುದರಲ್ಲಿತ್ತು.

ಲೆಕ್ಕ ಮಾಡಿ: ಬೆಟ್ಟದ ರೈಲು 326 ಮೀಟರ್ ಎತ್ತರದಿಂದ ಹೊರಟು 2,203 ಮೀಟರ್ ಎತ್ತರಕ್ಕೆ ಏರುತ್ತದೆ. ಒಟ್ಟು ಎಷ್ಟು ಮೀಟರ್ ಏರಿತು?

ಬರೆಯಿರಿ: ನಿಮ್ಮ ಊರಿನ ಕೆರೆಯ ಹೆಸರೇನು? ಅದನ್ನು ಕಟ್ಟಿಸಿದವರು ಯಾರು? ಊರಿನ ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆಯಿರಿ.