ಎಸ್ಸೆಸ್ಸೆಲ್ಸಿ ಮುಗಿಯಿತೆಂದು ಚೆಂಡು ಬಿಡಿಸಬೇಡಿ

ಬೇಡಕಿಹಾಳದ ಕಡೆ ಹೈಸ್ಕೂಲಿನಲ್ಲಿ ಮಿಂಚಿದ ಬ್ಯಾಸ್ಕೆಟ್‌ಬಾಲ್ ಹುಡುಗಿ ಮನೆಯಲ್ಲಿದ್ದರೆ, ಕಾಲೇಜಿನ ಅರ್ಜಿ ತುಂಬುವಾಗ ಆಟವನ್ನು ಬದಿಗಿಡಬೇಡಿ. ಆಟ ಓದನ್ನು ಕೆಡಿಸುತ್ತದೆಂಬುದು ಹಳೆಯ ಅಂಜಿಕೆ. ಬೆಂಗಳೂರಿನ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಸಂಜನಾ ರಮೇಶ್‌ಗೆ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಬಾಗಿಲು ತೆರೆದದ್ದು ಈ ಆಟವೇ. ವಿದ್ಯಾರ್ಥಿವೇತನವೂ ಅದರಿಂದಲೇ ಬಂತು. ‘ಅವರು ರಾಜಧಾನಿಯವರು, ನಮ್ಮ ಹುಡುಗಿಗೆ ಅದೆಲ್ಲಿ?’ ಎನ್ನಬಹುದು. ಮಾತು ನಿಜ, ಎಲ್ಲರಿಗೂ ಅಮೆರಿಕ ಸಿಗದು. ಸಿಗಲೇಬೇಕೆಂದೂ ಇಲ್ಲ. ನಮ್ಮಲ್ಲೇ ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ಕ್ರೀಡಾ ಇಲಾಖೆಯ ವಸತಿ ನಿಲಯಗಳಿವೆ, ವಿಶ್ವವಿದ್ಯಾಲಯದ ತಂಡಗಳಿವೆ. ಅಲ್ಲಿ ಕೇಳುವುದು ಪ್ರಮಾಣಪತ್ರವನ್ನು, ಹೊಗಳಿಕೆಯನ್ನಲ್ಲ (ಅದು ಊರಲ್ಲಿ ಧಾರಾಳ). ತಂಡದಲ್ಲಿ ಆಡಿದರೆ ತಾನೇ ಪ್ರಮಾಣಪತ್ರ? ಹಾಗಾಗಿ ಕಾಲೇಜಿಗೆ ಹೋದಾಗ ಫಲಿತಾಂಶದ ಫಲಕದ ಜೊತೆ ಅಂಕಣವನ್ನೂ ನೋಡಿ. ಹುಡುಗಿಯರ ತಂಡವಿದೆಯೇ, ತರಬೇತುದಾರರಿದ್ದಾರೆಯೇ ವಿಚಾರಿಸಿ. ಶುಲ್ಕ ಕಟ್ಟುವ ಮೊದಲೇ ವಿಚಾರಿಸಿ.