ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವ ಮುನ್ನ



2023ರ ಜೂನ್‌ನಿಂದ ನಮಗೆ ಸರ್ಕಾರಿ ಬಸ್ಸು ಉಚಿತ. ಆದರೂ ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಯಿಂದ ಹೂವು ತಂದು ಜಯನಗರ 4ನೇ ಬ್ಲಾಕಿನಲ್ಲಿ ಮಾರುವವರಿಗೆ, ಬಿ.ಟಿ.ಎಂ. ಬಡಾವಣೆಯ ಆಫೀಸುಗಳಿಗೆ ಊಟದ ಡಬ್ಬಿ ಮುಟ್ಟಿಸುವವರಿಗೆ ಬಸ್ಸಿನಲ್ಲಿ ಕೆಲಸ ಸಾಗದು. ಅದಕ್ಕೇ ಹಳೆಯ ಸ್ಕೂಟರ್ ಕೊಳ್ಳಲು ಸಂಘದಲ್ಲಿ ಸಾಲ ಕೇಳುವವರು ಹೆಚ್ಚುತ್ತಿದ್ದಾರೆ. ಇದು ಒಳ್ಳೆಯ ವಿಷಯವೇ. ಆದರೆ ಸಂಘದ ಸಾಲ ಎಂದರೆ ಇಪ್ಪತ್ತು ಮಂದಿಯ ಉಳಿತಾಯದ ಹಣ. ಗಾಡಿ ಮೂಲೆ ಸೇರಿದರೂ ಕಂತು ನಿಲ್ಲುವುದಿಲ್ಲ. ಆದ್ದರಿಂದ ಈ ಪಾಠವನ್ನು ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿಸಿಕೊಳ್ಳಿ.

1. ಮೊದಲು ಲೆಕ್ಕ

ಗಾಡಿಯ ಬೆಲೆಯೇ ಪೂರ್ತಿ ಖರ್ಚಲ್ಲ. ಹೆಸರು ಬದಲಾವಣೆ, ವಿಮೆ, ರಿಪೇರಿ, ಹೆಲ್ಮೆಟ್, ಪೆಟ್ರೋಲ್ ಎಲ್ಲವನ್ನೂ ಸೇರಿಸಿ. ಉದಾಹರಣೆಗೆ, ನೂರಕ್ಕೆ ತಿಂಗಳಿಗೆ 1 ರೂಪಾಯಿ ಬಡ್ಡಿಯಂತೆ 30,000 ರೂ. ಸಾಲ ತೆಗೆದು 20 ತಿಂಗಳಲ್ಲಿ ತೀರಿಸುವುದಾದರೆ, ಮೊದಲ ತಿಂಗಳು ಅಸಲು 1,500, ಬಡ್ಡಿ 300, ಒಟ್ಟು 1,800 ರೂ. ಕಟ್ಟಬೇಕು. ಗಾಡಿಯಿಂದ ಬರುವ ಹೆಚ್ಚಿನ ದುಡಿಮೆ ಇದಕ್ಕೆ ಸಾಲುತ್ತದೆಯೇ? ಸಾಲದಿದ್ದರೆ ಸ್ವಲ್ಪ ಕಾಯುವುದು ವಾಸಿ.

2. ಆಮೇಲೆ ಕಾಗದ

"ಗಾಡಿ ಸೂಪರ್ ಆಗಿದೆ ಅಕ್ಕಾ, ಕಣ್ಣು ಮುಚ್ಕೊಂಡು ತಗೊಳ್ಳಿ" ಅಂತ ಮಾರುವವರು ಹೇಳ್ತಾರೆ. ನಾವು ಕಣ್ಣು ತೆರೆದೇ ನೋಡಬೇಕು.

* ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾರುತ್ತಿದ್ದಾರೆಯೇ? "ನಮ್ಮ ಫ್ರೆಂಡ್ ಗಾಡಿ, ಅವರು ಊರಲ್ಲಿಲ್ಲ" ಎಂದರೆ, ಆ ಫ್ರೆಂಡ್ ಬರುವವರೆಗೂ ಹಣ ಕೊಡಬೇಡಿ.
* ಆರ್.ಸಿ.ಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿಯ ಮೇಲಿನ ನಂಬರಿಗೆ ಅಕ್ಷರ ಅಕ್ಷರ ಹೊಂದಬೇಕು. ಉಜ್ಜಿದ, ತಿದ್ದಿದ ಗುರುತಿದ್ದರೆ ಕದ್ದ ಗಾಡಿ ಇರಬಹುದು. ಅಲ್ಲಿಂದ ಎದ್ದು ಬನ್ನಿ.
* ಮೊದಲ ಮಾಲೀಕರು ಬ್ಯಾಂಕ್ ಅಥವಾ ಫೈನಾನ್ಸ್ ಸಾಲದಲ್ಲಿ ಕೊಂಡಿದ್ದರೆ ಆ ಸಾಲ ಆರ್.ಸಿ.ಯಲ್ಲಿ ನಮೂದಾಗಿರುತ್ತದೆ. ಸಾಲ ತೀರಿದ ಪತ್ರ ಮತ್ತು ಫಾರಂ 35 ಕೊಟ್ಟು ಆ ನಮೂದನ್ನು ತೆಗೆಸಿಕೊಡುವುದು ಮಾರುವವರ ಕೆಲಸ.
* ದ್ವಿಚಕ್ರ ವಾಹನದ ನೋಂದಣಿ 15 ವರ್ಷದವರೆಗೆ ಇರುತ್ತದೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 14 ವರ್ಷದ ಗಾಡಿ ಅಗ್ಗವಾಗಿ ಸಿಕ್ಕರೆ ಯಾಕೆ ಅಗ್ಗ ಎಂದು ಯೋಚಿಸಿ.
* ನಂಬರ್ ಪ್ಲೇಟಿನಲ್ಲಿ ಕೆಎ-05 ಎಂದಿದ್ದರೆ ಜಯನಗರ ಆರ್.ಟಿ.ಓ. ನೋಂದಣಿ. ಟಿಎನ್-70 ಎಂದಿದ್ದರೆ ಹೊಸೂರಿನದು. ಹೊರರಾಜ್ಯದ ಗಾಡಿಗೆ ಅಲ್ಲಿನ ಆರ್.ಟಿ.ಓ.ದಿಂದ ಎನ್.ಓ.ಸಿ. ಬೇಕು, ಕರ್ನಾಟಕದ ತೆರಿಗೆ ಬೇರೆ ಕಟ್ಟಬೇಕು. ಹೊಸೂರು ಹತ್ತಿರವೇ ಇದ್ದರೂ ಕಾನೂನಿಗೆ ಅದು ಬೇರೆ ರಾಜ್ಯ.
* ಟ್ರಾಫಿಕ್ ದಂಡ ಗಾಡಿಯ ನಂಬರಿನ ಮೇಲೆ ಬೆಳೆಯುತ್ತಾ ಹೋಗುತ್ತದೆ. 2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯಿತಿ ಕೊಟ್ಟಾಗ ಜನ ಮುಗಿಬಿದ್ದು ಕಟ್ಟಿದ್ದು ನೆನಪಿರಬಹುದು. ಬೆಂಗಳೂರು ಒನ್ ಕೇಂದ್ರದಲ್ಲಿ ನಂಬರ್ ಹೇಳಿ ಕೇಳಿ. ಬಾಕಿ ಇದ್ದರೆ ಮಾರುವವರೇ ಕಟ್ಟಲಿ.

ಮಕ್ಕಳ ಮೊಬೈಲಿನಲ್ಲಿ ಎಂ-ಪರಿವಾಹನ್ ಆ್ಯಪ್ ಹಾಕಿಸಿ ಗಾಡಿ ನಂಬರ್ ಒತ್ತಿದರೆ, ನೋಂದಣಿ ಮತ್ತು ವಿಮೆ ಎಲ್ಲಿಯವರೆಗೆ ಇದೆ ಎಂದು ಕಾಣುತ್ತದೆ.

3. ಈಗ ಗಾಡಿ

ಹಗಲಿನಲ್ಲೇ ನೋಡಿ, ಮಳೆಯಲ್ಲಿ ಬೇಡ. ಒದ್ದೆ ಗಾಡಿಯಲ್ಲಿ ಗೀರು, ತುಕ್ಕು ಕಾಣುವುದಿಲ್ಲ. ನಿಮಗೆ ಗೊತ್ತಿರುವ ಮೆಕ್ಯಾನಿಕ್ ಜೊತೆಗಿರಲಿ. ಮಾರುವವರು ಕರೆತಂದ ಮೆಕ್ಯಾನಿಕ್ ಅವರ ಪರವಾಗಿಯೇ ಮಾತಾಡ್ತಾನೆ.

* ಹೋದ ಕೂಡಲೇ ಎಂಜಿನ್ ಹತ್ತಿರ ಕೈ ಹಿಡಿಯಿರಿ. ಬಿಸಿಯಾಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ತಣ್ಣಗಾದ ಮೇಲೆ ನಿಮ್ಮ ಮುಂದೆ ಸ್ಟಾರ್ಟ್ ಆಗಬೇಕು.
* ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಎಂಜಿನ್ ಒಳಗೆ ಆಯಿಲ್ ಉರಿಯುತ್ತಿದೆ, ದೊಡ್ಡ ಖರ್ಚು ಬರುತ್ತದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ.
* ಮೀಟರ್ ತೋರಿಸುವ ಕಿಲೋಮೀಟರ್ ನಂಬಬೇಡಿ. ಬ್ರೇಕ್ ಲಿವರ್, ಹ್ಯಾಂಡಲ್ ರಬ್ಬರ್, ಸೀಟು ನೋಡಿ. ಮೀಟರ್ ಹತ್ತು ಸಾವಿರ ಅಂದರೂ ರಬ್ಬರ್ ಪೂರ್ತಿ ಸವೆದಿದ್ದರೆ ಮೀಟರ್ ಸುಳ್ಳು ಹೇಳುತ್ತಿದೆ.
* ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಸವೆದ, ಬಿರುಕು ಬಿಟ್ಟ ಟೈರು ಬದಲಾಯಿಸುವ ಹಣವನ್ನು ಬೆಲೆಯಲ್ಲಿ ಇಳಿಸಿ ಕೇಳಿ.
* ಓಡಿಸುವಾಗ ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತದೆಯೇ? ಎಳೆದರೆ ಬಿದ್ದು ಬಾಗಿದ ಗಾಡಿ ಇರಬಹುದು. ಮುಂದಿನ ಫೋರ್ಕಿನಲ್ಲಿ ಆಯಿಲ್ ಸೋರಿದೆಯೇ? ಎರಡೂ ಬ್ರೇಕು ಹಿಡಿಯುತ್ತವೆಯೇ?
* ಸಿಲ್ಕ್ ಬೋರ್ಡ್ ಸುತ್ತಮುತ್ತ, ತಗ್ಗಿನ ಬೀದಿಗಳಲ್ಲಿ ಮಳೆನೀರಿನಲ್ಲಿ ಮುಳುಗಿದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಸೀಟು ಎತ್ತಿ ಮೂಲೆಗಳಲ್ಲಿ ಒಣ ಕೆಸರು ಇದೆಯೇ ನೋಡಿ. ಎಂಜಿನ್ ಆಯಿಲ್ ಹಾಲಿನ ಹಾಗೆ ಬಿಳಿಚಿದ್ದರೆ ನೀರು ಸೇರಿದೆ.

ಹೊಸದಾಗಿ ಪೇಂಟ್ ಹೊಡೆದು ಪಾಲಿಶ್ ಮಾಡಿದ ಗಾಡಿಗೆ ಮರುಳಾಗಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ.

4. ಕೊನೆಗೆ ಹಣ ಮತ್ತು ಹೆಸರು

ಈ ಪಾಠದ ಮುಖ್ಯ ಮಾತು ಇದೇ: ಆರ್.ಸಿ.ಯಲ್ಲಿ ನಿಮ್ಮ ಹೆಸರು ಬರುವವರೆಗೂ ಗಾಡಿ ನಿಮ್ಮದಲ್ಲ.

ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಹಾಕಿಸಿಕೊಳ್ಳಿ. ಖಾಲಿ ಫಾರಂ ಬೇಡ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್.ಟಿ.ಓ.ಗೆ ತಿಳಿಸಬೇಕು. ವಿಮೆ ಕಂಪನಿಗೂ 14 ದಿನದಲ್ಲಿ ಬರೆದು ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿ.

ಹೆಸರು ಬದಲಾಯಿಸದಿದ್ದರೆ ಮಾರಿದವರಿಗೂ ತೊಂದರೆ. ಕೈಯಿಂದ ಕೈಗೆ ಹೋದ ಒಂದು ವಾಹನದ ಅಪಘಾತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಹೇಳಿತು. ಇದನ್ನು ಮಾರುವವರಿಗೆ ಹೇಳಿದರೆ ಅವರೂ ಬೇಗ ಬಂದು ಸಹಿ ಹಾಕ್ತಾರೆ.

ಕೊಂಡವರ ಕಷ್ಟ ಇನ್ನೂ ದೊಡ್ಡದು. ವಿಮೆಯಲ್ಲಿ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಎಂದು ಒಂದು ಭಾಗ ಇರುತ್ತದೆ, 15 ಲಕ್ಷ ರೂಪಾಯಿಯದು. ಅದು ಸಿಗಬೇಕಾದರೆ ಗಾಡಿ ಓಡಿಸುವವರ ಹೆಸರಿನಲ್ಲೇ ಇರಬೇಕು, ಅವರಿಗೆ ಲೈಸೆನ್ಸ್ ಇರಬೇಕು. ಹಳೆ ಮಾಲೀಕರ ಹೆಸರಿನಲ್ಲೇ ಬಿಟ್ಟರೆ, ಆಗಬಾರದ್ದು ಆದಾಗ ಮಕ್ಕಳ ಕೈಗೆ ಆ ಹಣ ಬರುವುದಿಲ್ಲ, ಸಂಘದ ಕಂತು ಮಾತ್ರ ಉಳಿಯುತ್ತದೆ. ನೀವು ಸಾಲ ತೆಗೆದು, ನೀವೇ ಓಡಿಸುವ ಗಾಡಿಯನ್ನು ಗಂಡನ ಅಥವಾ ತಮ್ಮನ ಹೆಸರಿಗೆ ಮಾಡಿಸುವ ಮೊದಲೂ ಇದನ್ನು ಯೋಚಿಸಿ.

ಹಣವನ್ನು ಸಂಘದಿಂದ ನೇರವಾಗಿ ಮಾರುವವರ ಬ್ಯಾಂಕ್ ಖಾತೆಗೆ ಹಾಕಿ, ರಸೀದಿ ಪಡೆಯಿರಿ. ಒಂದು ಭಾಗ ಮುಂಗಡ ಕೊಟ್ಟು, ಬಾಕಿಯನ್ನು ಹೆಸರು ಬದಲಾದ ಮೇಲೆ ಕೊಡುವ ಒಪ್ಪಂದ ಬರೆಸಿಕೊಳ್ಳಿ. ಸಾಲ ಪಡೆದವರ ಹೊಸ ಆರ್.ಸಿ.ಯ ಜೆರಾಕ್ಸ್ ಸಂಘದ ಕಡತದಲ್ಲಿ ಇರಲಿ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಸಂಘದಲ್ಲಿ ಗಾಡಿ ಇರುವವರಲ್ಲಿ ಎಷ್ಟು ಮಂದಿಯ ಆರ್.ಸಿ. ಸ್ವಂತ ಹೆಸರಿನಲ್ಲಿದೆ?
2. ಅವರ ವಿಮೆ ಎಲ್ಲಿಯವರೆಗೆ ಇದೆ? ಅದರಲ್ಲಿ ವೈಯಕ್ತಿಕ ಅಪಘಾತದ ಭಾಗ ಸೇರಿದೆಯೇ?
3. ಗಾಡಿ ಸಾಲ ಕೇಳಿದವರ ಜೊತೆ ಗಾಡಿ ನೋಡಲು ಯಾವ ಇಬ್ಬರು ಸದಸ್ಯೆಯರು ಹೋಗುತ್ತೀರಿ?

ಮುಂದಿನ ಸಭೆಗೆ ಬರುವಾಗ ಗಾಡಿ ಇರುವವರೆಲ್ಲ ಆರ್.ಸಿ. ಮತ್ತು ವಿಮೆ ಕಾಗದ ತನ್ನಿ. ಎಲ್ಲರೂ ಕೂತು ಒಟ್ಟಿಗೆ ಓದೋಣ.