ಪೆಡಲು ಕಳುಹಿಸುವ ಅಂಕಿ

ಮಿಡಿ ವಾದ್ಯಕ್ಕೆ ಜೋಡಿಸಿದ ತಿರುಗುಗುಂಡಿಯನ್ನಾಗಲಿ ಕಾಲಿನ ಪೆಡಲನ್ನಾಗಲಿ ನಾವು ಚಲಿಸಿದಾಗ ತಂತಿಯಲ್ಲಿ ಹರಿಯುವುದು ನಾದವಲ್ಲ, ಅಂಕಿ. 1983ರಲ್ಲಿ ಬಳಕೆಗೆ ಬಂದ ಈ ಪದ್ಧತಿಯಲ್ಲಿ ಇಂತಹ ಪ್ರತಿಯೊಂದು ನಿಯಂತ್ರಕ ಆಜ್ಞೆಯೂ ಚಾನೆಲು, ನಿಯಂತ್ರಕದ ಸಂಖ್ಯೆ, 0ಯಿಂದ 127ರವರೆಗಿನ ಒಂದು ಬೆಲೆ ಎಂಬ ಮೂರನ್ನು ತಿಳಿಸುತ್ತದೆ. ಮೊದಲಿನೆರಡು ಎರಡೂ ಉಪಕರಣಗಳಲ್ಲಿ ಹೊಂದದಿದ್ದರೆ ಪೆಡಲನ್ನು ಎಷ್ಟು ತುಳಿದರೂ ಫಲವಿಲ್ಲ.

ಸಂಖ್ಯೆ 7 ಧ್ವನಿಯ ಒಟ್ಟು ಪ್ರಮಾಣಕ್ಕೂ, 11 ನುಡಿಸುವಾಗಿನ ಏರಿಳಿತಕ್ಕೂ, 64 ಸ್ವರವನ್ನು ಹಿಡಿದಿಡುವುದಕ್ಕೂ ಮೀಸಲು. ಆದುದರಿಂದ ಗುಂಡಿಗೆ 7ನ್ನೂ ಪೆಡಲಿಗೆ 11ನ್ನೂ ಗೊತ್ತುಪಡಿಸುವುದು ಲೇಸು. ಆಗ ಗುಂಡಿಯು ಮಿತಿಯನ್ನು ಕಾಯುತ್ತದೆ. ಪಾದವು ಆ ಮಿತಿಯೊಳಗೆ ಭಾವಕ್ಕೆ ತಕ್ಕಂತೆ ಧ್ವನಿಯನ್ನು ಏರಿಳಿಸುತ್ತದೆ.

ಇಂತಹ ಏರಿಳಿತಕ್ಕೆ 128 ಹಂತಗಳು ಸಾಕು. ಗಮಕದಂತೆ ಸ್ವರಸ್ಥಾನವನ್ನೇ ಜಾರಿಸಲು ಅವು ಸಾಲವು. ಅದಕ್ಕೆಂದೇ 16,384 ಹಂತಗಳ ಪ್ರತ್ಯೇಕ ಆಜ್ಞೆಯೊಂದಿದೆ.